ಮರಳಿನ ಕಡತ

ನಮ್ಮ ಮನೆಯ ಸಂಪನ್ನು ಮೂರು ವರ್ಷದಿಂದ ತೊಳೆಸಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವ ಮಾತೇ ಸರಿ. ಪ್ರತಿ ವರ್ಷ ಯುಗಾದಿಗೆ ಮುಂಚೆ ಮಾಡಿಸಬೇಕೆಂದುಕೊಳ್ಳುವುದು, ಆಮೇಲೆ ನೀರಿನ ಬರ, ಮಕ್ಕಳ ಪರೀಕ್ಷೆ, ನೆಂಟರಿಷ್ಟರು ಎಂದು ಮುಂದಕ್ಕೆ ಹಾಕುವುದು. ಕೊನೆಗೆ ನಲ್ಲಿಯಲ್ಲಿ ಬಣ್ಣದ ನೀರು ಬರತೊಡಗಿದಾಗ ಬೇರೆ ದಾರಿ ಉಳಿಯಲಿಲ್ಲ. ನೀರು ಖಾಲಿ ಮಾಡಿಸಿ, ಮುಚ್ಚಳ ತೆಗೆಸಿ, ಒಬ್ಬ ಆಳನ್ನು ಒಳಗಿಳಿಸಿದೆವು.

ಒಳಗಿನಿಂದ ಅವನ ಮಾತು ಕೇಳಿಸಿತು. "ಅಮ್ಮಾ, ಪೈಪ್ ಬೀಳೋ ಕಡೆ ಬರೀ ಮರಳು. ಆ ಮೂಲೇಲಿ ನೋಡಿದ್ರೆ ಬೆಣ್ಣೆ ಥರ ಕೆಸರು."

ಅವನು ಸಲಿಕೆಯಲ್ಲಿ ಎತ್ತಿ ಕೊಟ್ಟ ಒಂದು ಹೆಂಟೆ ಮುರಿಯದೆ ಮೇಲೆ ಬಂತು. ಅದರ ಪಕ್ಕ ನೋಡಿದರೆ ಚಿರೋಟಿಯ ಹಾಗೆ ಪದರ ಪದರ. ತಳದಲ್ಲಿ ಬೂದು ಮರಳು, ಅದರ ಮೇಲೆ ಎರಡು ಬೆರಳು ದಪ್ಪ ಕೆಮ್ಮಣ್ಣು, ಅದರ ಮೇಲೆ ಹಪ್ಪಳದಷ್ಟು ತೆಳ್ಳಗಿನ ಬಿಳಿಚಿದ ಒಂದು ಗಟ್ಟಿ ಪೊರೆ, ಎಲ್ಲಕ್ಕಿಂತ ಮೇಲೆ ಕಪ್ಪು ಲೋಳೆ. ನೋಡುತ್ತ ನಿಂತವಳಿಗೆ ಒಂದೊಂದೇ ನೆನಪಾಯಿತು. ಕೆಮ್ಮಣ್ಣು ಬಂದದ್ದು ಬೀದಿ ಅಗೆದು ಪೈಪು ಒಡೆದ ಆ ಮಳೆಗಾಲದಲ್ಲಿ. ಬಿಳಿ ಪೊರೆ ಮಹಡಿಯ ಗಾರೆ ಕೆಲಸ ನಡೆದಾಗ, ಮುಚ್ಚಳದ ಸಂದಿಯಿಂದ ಇಳಿದ ಸಿಮೆಂಟಿನ ನೀರಿನದು. ಗಾರೆ ಕೆಲಸದ ತಾರೀಖು ನನ್ನ ಲೆಕ್ಕದ ಪುಸ್ತಕದಲ್ಲಿದೆ. ಕೆಮ್ಮಣ್ಣು ಅದರ ಕೆಳಗಿದೆ ಎಂದರೆ ಪೈಪು ಒಡೆದದ್ದು ಅದಕ್ಕಿಂತ ಮೊದಲು. ಯಾರೂ ಹೇಳಬೇಕಾಗಿರಲಿಲ್ಲ.

ಭೂಗರ್ಭಶಾಸ್ತ್ರ ಓದಿದ ಮಗಳಿಗೆ ತಮಾಷೆಗೆಂದು ಅದರ ಫೋಟೋ ಕಳಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು. "ಅಮ್ಮಾ, ಜಪಾನಿನಲ್ಲಿ ಇದೇ ಥರ ಮರಳಿನ ಪದರ ನೋಡಿ, ಸಾವಿರ ವರ್ಷದ ಹಿಂದಿನ ಸುನಾಮಿ ಎಷ್ಟು ದೂರ ಬಂದಿತ್ತು ಅಂತ ಲೆಕ್ಕ ಹಾಕಿದಾರೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಸುನಾಮಿ ಎಂಬ ಶಬ್ದವೇ ನಮ್ಮಂಥವರ ಮನೆಗೆ ಬಂದದ್ದು 2004ರ ಡಿಸೆಂಬರ್ 26ರಂದು. ಸುಮಾತ್ರಾದ ಬಳಿ ಕಡಲ ತಳ ಅಲುಗಾಡಿ, ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತ ದಿನ ಅದು. ನಾಗಪಟ್ಟಿಣದ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿ ಆ ರಾತ್ರಿ ಅನ್ನ ಇಳಿಯದಿದ್ದದ್ದು ನೆನಪಿದೆ. ಇಂಥದ್ದು ಹಿಂದೆ ಎಂದಾದರೂ ಆಗಿತ್ತೇ ಎಂದು ಎಲ್ಲರೂ ಕೇಳುತ್ತಿದ್ದರು. ಆ ಪ್ರಶ್ನೆಗೆ ಮಣ್ಣಿನಿಂದ ಉತ್ತರ ಹುಡುಕುವವರು ಇದ್ದಾರೆಂದು ಆಗ ತಿಳಿದಿರಲಿಲ್ಲ. ಮಗಳು ಹೇಳಿದ ಮೇಲೆ ಓದುತ್ತ ಹೋದೆ. ಓದಿದ್ದು ಮನಸ್ಸಿನಿಂದ ಇಳಿಯಲೇ ಇಲ್ಲ.

ಜಪಾನಿನ ಕಥೆ ಶುರುವಾಗುವುದು ಕ್ರಿ.ಶ. 869ರಲ್ಲಿ. ನಮ್ಮಲ್ಲಿ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಅಲ್ಲಿ ಸೇಯ್ವ ಎಂಬ ಚಕ್ರವರ್ತಿ. ಅವನ ಆ ವರ್ಷಗಳಿಗೆ ಜೋಗನ್ ಎಂದು ಹೆಸರು, ನಾವು ಸಂವತ್ಸರಗಳಿಗೆ ಹೆಸರಿಡುವಂತೆ. ಈಶಾನ್ಯದ ಮುತ್ಸು ಪ್ರಾಂತದಲ್ಲಿ, ಈಗಿನ ಸೆಂದಾಯ್ ನಗರದ ಹತ್ತಿರ, ತಗಾಜೋ ಎಂಬ ಕೋಟೆಯ ಊರಿತ್ತು. ಗಡಿನಾಡಿನ ಆಡಳಿತ ನಡೆಯುತ್ತಿದ್ದದ್ದು ಅಲ್ಲಿಂದಲೇ. ಆ ವರ್ಷದ ಜುಲೈ ತಿಂಗಳ ಒಂದು ರಾತ್ರಿ ಅಲ್ಲಿ ಭೂಮಿ ನಡುಗಿತು.

ಏನಾಯಿತೆಂಬುದನ್ನು 901ರಲ್ಲಿ ಮುಗಿದ ಆಸ್ಥಾನದ ಚರಿತ್ರೆಯೊಂದು, 'ನಿಹೊನ್ ಸಂದಾಯ್ ಜಿತ್ಸುರೊಕು', ಕೆಲವೇ ಸಾಲುಗಳಲ್ಲಿ ಹೇಳುತ್ತದೆ. ಆಕಾಶದಲ್ಲಿ ಹಗಲಿನಂತೆ ಬೆಳಕು ಮಿಂಚಿತಂತೆ. ಜನ ಕೂಗುತ್ತ ನಿಲ್ಲಲಾಗದೆ ಬಿದ್ದರು. ಕೆಲವರ ಮೇಲೆ ಮನೆ ಕುಸಿಯಿತು, ಕೆಲವರನ್ನು ಬಿರಿದ ನೆಲ ನುಂಗಿತು. ದನ, ಕುದುರೆಗಳು ಬೆದರಿ ಒಂದನ್ನೊಂದು ತುಳಿದವು. ಆಮೇಲೆ ಕಡಲು ಗುಡುಗಿತು. ನೀರು ನದಿಯ ಮೂಲಕ ಉಕ್ಕಿ ಬಂದು ಕೋಟೆಯ ಊರನ್ನು ಮುಟ್ಟಿತು. ಹೊಲ ಯಾವುದು ದಾರಿ ಯಾವುದು ತಿಳಿಯದಂತೆ ಎಲ್ಲ ಸಮುದ್ರವಾಯಿತು. ದೋಣಿ ಹತ್ತಲೂ ಗುಡ್ಡ ಏರಲೂ ವೇಳೆ ಸಿಗದೆ ಸುಮಾರು ಸಾವಿರ ಜನ ಮುಳುಗಿದರು. ಕೆಲವು ತಿಂಗಳ ಮೇಲೆ ಚಕ್ರವರ್ತಿಯ ಆಜ್ಞೆ ಹೊರಟಿತು. ಸತ್ತವರನ್ನು ಮಣ್ಣು ಮಾಡಬೇಕು, ನೊಂದವರ ಕಂದಾಯ ಬಿಡಬೇಕು, ಜಪಾನೀಯರು ಅಲ್ಲಿನ ಮೂಲನಿವಾಸಿಗಳು ಎಂಬ ಭೇದವಿಲ್ಲದೆ ನೆರವು ಕೊಡಬೇಕು ಎಂದು.

ಅಷ್ಟೇ. ಸಾವಿರ ಜನರಲ್ಲಿ ಒಬ್ಬರ ಹೆಸರೂ ಇಲ್ಲ. ನೀರು ಎಷ್ಟು ಆಳವಿತ್ತು ಎಂಬ ಲೆಕ್ಕವೂ ಇಲ್ಲ. ಬರೆದವರು ಕೂತಿದ್ದದ್ದು ದೂರದ ಕ್ಯೋತೋ ರಾಜಧಾನಿಯಲ್ಲಿ. ಹೀಗಾಗಿ ಮುಂದೆ ಓದಿದವರಲ್ಲಿ ಕೆಲವರಿಗೆ ಇದು ಸ್ವಲ್ಪ ಉತ್ಪ್ರೇಕ್ಷೆಯೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ನೀರು ಬರಿಗೈಯಲ್ಲಿ ಬಂದಿರಲಿಲ್ಲ. ಕಡಲತೀರದ ಮರಳನ್ನು ಎತ್ತಿಕೊಂಡು ಬಂದು ಹೊಲಗಳ ಮೇಲೆ ಹಾಸಿ ಹೋಗಿತ್ತು. ಅದರ ಮೇಲೆ ಮಣ್ಣು ಬಿತ್ತು, ಹುಲ್ಲು ಬೆಳೆದು ಕೊಳೆಯಿತು, ಭತ್ತದ ಗದ್ದೆಗಳಾದವು. 1980ರ ದಶಕದ ಕೊನೆಯಿಂದ ವಿಜ್ಞಾನಿಗಳು ಸೆಂದಾಯ್ ಬಯಲಿನ ಗದ್ದೆಗಳನ್ನು ಅಗೆದು ನೋಡಿದರು. ಸೆಂದಾಯ್‌ನ ತೊಹೊಕು ವಿಶ್ವವಿದ್ಯಾಲಯದ ಕೋಜಿ ಮಿನೌರಾ ಅವರಲ್ಲಿ ಪ್ರಮುಖರು. ಕಪ್ಪು ಜೌಗು ಮಣ್ಣಿನ ನಡುವೆ ಒಂದು ತೆಳ್ಳಗಿನ ಮರಳಿನ ಗೆರೆ ಸಿಕ್ಕಿತು. ಸಮುದ್ರದಿಂದ ಕಿಲೋಮೀಟರುಗಟ್ಟಲೆ ಒಳಗೆ, ಮರಳಿಗೆ ಏನೂ ಕೆಲಸವಿಲ್ಲದ ಜಾಗದಲ್ಲಿ.

ಆ ಗೆರೆ 869ರದೇ ಎಂದು ಹೇಗೆ ಹೇಳುವುದು? ಇಲ್ಲಿ ನನಗೆ ನಮ್ಮ ಸಂಪಿನ ಸಿಮೆಂಟಿನ ಪೊರೆ ನೆನಪಾಯಿತು. ಮರಳಿನ ಗೆರೆಗೆ ತುಸು ಮೇಲೆ ಬಿಳಿಚಿದ ಬೂದಿಯ ಒಂದು ಪದರವಿದೆ. ಅದು ಉತ್ತರದ ತೊವಾದಾ ಎಂಬ ಜ್ವಾಲಾಮುಖಿ ಕ್ರಿ.ಶ. 915ರಲ್ಲಿ ಉಗುಳಿದ ಬೂದಿ. ಬೂದಿಯ ಸ್ವಲ್ಪವೇ ಕೆಳಗೆ ಮರಳು ಇದೆಯೆಂದರೆ, 915ಕ್ಕೆ ಸ್ವಲ್ಪ ಮೊದಲು ಕಡಲು ಬಂದಿತ್ತು. ಪುಸ್ತಕ ಹೇಳಿದ್ದಕ್ಕೆ ಮಣ್ಣು ಸಾಕ್ಷಿ ಹಾಕಿತು.

ಬಿರುಗಾಳಿಯ ಅಲೆಯೂ ಮರಳು ತರುವುದಿಲ್ಲವೇ ಎಂದು ನೀವು ಕೇಳಬಹುದು. ತರುತ್ತದೆ. ಆದರೆ ಬಿರುಗಾಳಿಯ ಅಲೆ ಕೆಲವು ಸೆಕೆಂಡಿಗೊಮ್ಮೆ ಬಡಿದು ಹಿಂದೆ ಸರಿಯುವಂಥದ್ದು. ಅದರ ಮರಳು ಸಾಮಾನ್ಯವಾಗಿ ತೀರದಿಂದ ಕೆಲವು ನೂರು ಮೀಟರಿನೊಳಗೇ ದಿಬ್ಬವಾಗಿ, ನೂರಾರು ತೆಳು ಎಳೆಗಳಾಗಿ ಬೀಳುತ್ತದೆ. ಸುನಾಮಿಯ ನೀರು ಹಾಗಲ್ಲ. ಒಂದು ಸಲ ನುಗ್ಗಿದರೆ ನಿಮಿಷಗಟ್ಟಲೆ ಹೊಳೆಯಾಗಿ ಹರಿಯುತ್ತಲೇ ಇರುತ್ತದೆ. ಅದು ಹಾಸುವ ಮರಳು ಕಿಲೋಮೀಟರುಗಳಷ್ಟು ಉದ್ದದ ಜಮಖಾನ. ನಡುವೆ ಗದ್ದೆಯಿಂದ ಕಿತ್ತು ತಂದ ಮಣ್ಣಿನ ಹೆಂಟೆಗಳು ಸಿಕ್ಕಿಕೊಂಡಿರುತ್ತವೆ, ಮೇಲೆ ನೀರು ನಿಂತಾಗ ಇಳಿದ ಕೆಸರಿನ ಕೆನೆ ಇರುತ್ತದೆ.

ಇನ್ನು ಮರಳಿನಿಂದ ನೀರಿನ ವೇಗ ತಿಳಿಯುವ ಲೆಕ್ಕ. ಇದು ಅಕ್ಕಿ ತೊಳೆದವರಿಗೆ, ಗೋಧಿ ಹಿಟ್ಟು ಕದಡಿ ಹಾಲು ತೆಗೆದವರಿಗೆ ಕಷ್ಟವಲ್ಲ. ಕದಡಿದ ನೀರಿನಲ್ಲಿ ದಪ್ಪ ಕಾಳು ಬೇಗ ತಳ ಸೇರುತ್ತದೆ, ನುಣ್ಣನೆಯದು ನಿಧಾನ. ಒಂದು ಮಿಲಿಮೀಟರ್ ದಪ್ಪದ ಮರಳಿನ ಕಾಳು ಸೆಕೆಂಡಿಗೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತದೆ. ಅದರ ಹತ್ತನೇ ಒಂದು ಭಾಗದಷ್ಟಿರುವ ಕಾಳು ಒಂದು ಸೆಂಟಿಮೀಟರೂ ಇಳಿಯುವುದಿಲ್ಲ. ಎರಡು ಮೀಟರ್ ಆಳದ ನೀರು ಸೆಕೆಂಡಿಗೆ ಮೂರು ಮೀಟರಿನಂತೆ ಓಡುತ್ತಿದೆ ಎನ್ನಿ. ದಪ್ಪ ಕಾಳು ಇಪ್ಪತ್ತು ಸೆಕೆಂಡಿನೊಳಗೆ ನೆಲ ಮುಟ್ಟಿ ಅರುವತ್ತು ಮೀಟರಿನೊಳಗೇ ಕೂತುಬಿಡುತ್ತದೆ. ನುಣ್ಣನೆಯ ಕಾಳು ನಾಲ್ಕು ನಿಮಿಷ ತೇಲಿ ಮುಕ್ಕಾಲು ಕಿಲೋಮೀಟರಿನವರೆಗೆ ಹೋಗುತ್ತದೆ. ನೀರಿನ ಸುಳಿಗಳು ಕಾಳನ್ನು ಮತ್ತೆ ಮತ್ತೆ ಎತ್ತುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ತೊಡಕಿನದು. ಆದರೆ ತತ್ವ ಇಷ್ಟೇ. ಯಾವ ಗಾತ್ರದ ಕಾಳು ಎಲ್ಲಿ ಬಿದ್ದಿದೆ, ಎಷ್ಟು ದಪ್ಪ ಬಿದ್ದಿದೆ ಎಂದು ಅಳೆದರೆ, ಅದನ್ನು ಅಲ್ಲಿಯವರೆಗೆ ಹೊತ್ತು ತರಲು ನೀರು ಎಷ್ಟು ಜೋರಾಗಿ ಓಡಿರಬೇಕೆಂದು ಹಿಮ್ಮುಖವಾಗಿ ಎಣಿಸಬಹುದು.

ಈ ಹಿಮ್ಮುಖ ಲೆಕ್ಕ ಸರಿಯೇ ಎಂದು ಪರೀಕ್ಷಿಸಿಯೂ ನೋಡಿದ್ದಾರೆ. 1998ರ ಜುಲೈನಲ್ಲಿ ಪಪುವಾ ನ್ಯೂಗಿನಿಯ ತೀರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಸುನಾಮಿ ಬಂದಿತ್ತು. ಅಲ್ಲಿನ ಆರೊಪ್ ಎಂಬ ಊರಿನಲ್ಲಿ ಉಳಿದ ಮರಳನ್ನು ಅಳೆದು, ಅಮೆರಿಕದ ಬ್ರೂಸ್ ಜಾಫ್ ಮತ್ತು ಗಾಯ್ ಗೆಲ್ಫೆನ್‌ಬಾಮ್ ಎಂಬ ವಿಜ್ಞಾನಿಗಳು 2007ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ತೀರದಿಂದ 200 ಮೀಟರ್ ಒಳಗೆ ನೀರಿನ ವೇಗ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು ಐವತ್ತು ಕಿಲೋಮೀಟರ್. ಊರಿನಲ್ಲಿ ನಿಂತುಳಿದ ಕಟ್ಟಡಗಳ ಮೇಲಿನ ನೀರಿನ ಗುರುತುಗಳಿಂದ ಬೇರೆಯಾಗಿ ಎಣಿಸಿದಾಗಲೂ ಉತ್ತರ ಹತ್ತಿರ ಹತ್ತಿರ ಅಷ್ಟೇ ಬಂತು. ಹೆದ್ದಾರಿಯ ಬಸ್ಸಿನ ವೇಗದಲ್ಲಿ ನೀರು ಮನೆಯ ಬಾಗಿಲಿಗೆ ಬಂದರೆ ಮಗುವನ್ನು ಎತ್ತಿಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ? ಆ ಅಂಕಿಯನ್ನು ಓದಿದ ಮೇಲೆ, ದೋಣಿ ಹತ್ತಲೂ ವೇಳೆಯಿರಲಿಲ್ಲ ಎಂಬ ಹಳೆಯ ಚರಿತ್ರೆಯ ಮಾತು ನನಗೆ ಉತ್ಪ್ರೇಕ್ಷೆಯಾಗಿ ಕೇಳಿಸಲಿಲ್ಲ.

ಸೆಂದಾಯ್ ಬಯಲಿಗೇ ಮರಳಿ ಬರೋಣ. ಮಿನೌರಾ ಮತ್ತು ಅವರ ಜೊತೆಗಾರರು ಮೂರು ಸಾವಿರ ವರ್ಷದ ಮಣ್ಣಿನಲ್ಲಿ ಇಂಥ ಮೂರು ಮರಳು ಗೆರೆಗಳನ್ನು ಕಂಡರು. ಎಂದರೆ ಸಾವಿರ ವರ್ಷಕ್ಕೊಂದರಂತೆ. ಜೋಗನ್ ಸುನಾಮಿ ಆಗಿ ಆಗಲೇ ಸಾವಿರದ ನೂರು ವರ್ಷ ಕಳೆದಿದೆ. ಇನ್ನೊಂದು ಬರುವ ಸಂಭವ ಹೆಚ್ಚು. ಬಂದರೆ ನೀರು ಎರಡೂವರೆ ಮೂರು ಕಿಲೋಮೀಟರ್ ಒಳನುಗ್ಗೀತು ಎಂದು 2001ರಲ್ಲೇ ಅವರು ಅಚ್ಚು ಹಾಕಿಸಿದ್ದರು. ಸರ್ಕಾರದ ಭೂವಿಜ್ಞಾನ ಸಂಸ್ಥೆಯವರೂ ಆಮೇಲಿನ ವರ್ಷಗಳಲ್ಲಿ ನೂರಾರು ಕಡೆ ಗದ್ದೆಗೆ ಉಕ್ಕಿನ ಚಪ್ಪಟೆ ಪೆಟ್ಟಿಗೆಗಳನ್ನಿಳಿಸಿ, ಮಣ್ಣಿನ ಹೋಳುಗಳನ್ನು ಮುರಿಯದಂತೆ ಮೇಲೆತ್ತಿ, ಮರಳು ಎಲ್ಲಿಯವರೆಗಿದೆ ಎಂದು ಗುರುತಿಸಿದರು. ಆ ಮರಳನ್ನು ಅಷ್ಟು ದೂರ ಹಾಸಲು ಭೂಕಂಪ ಎಷ್ಟು ದೊಡ್ಡದಿರಬೇಕು ಎಂದು ಎಣಿಸಿದಾಗ 8.4ರ ಸುಮಾರು ಪ್ರಮಾಣವೆಂದು ಬಂತು.

ಆ ಸಂಸ್ಥೆಯ ಒಕಮುರಾ ಯುಕಿನೊಬು 2009ರ ಜೂನ್‌ನಲ್ಲಿ ಅಣುಸ್ಥಾವರಗಳ ಸುರಕ್ಷತೆಯ ಸರ್ಕಾರಿ ಸಭೆಯೊಂದರಲ್ಲಿ ಈ ಮಾತೆತ್ತಿದರು. ಫುಕುಶಿಮಾದ ಲೆಕ್ಕದಲ್ಲಿ ಜೋಗನ್ ಏಕಿಲ್ಲ ಎಂದು ಕೇಳಿದರು. ವಿಷಯ ಮುಂದಿನ ಪರಿಶೀಲನೆಗೆ ಹೋಯಿತು. 2010ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆಯವರು ಜೋಗನ್ ಸುನಾಮಿಯನ್ನು ಮರುರಚಿಸಿದ ಬಗೆಯನ್ನು ತಮ್ಮ ವಾರ್ತಾಪತ್ರದಲ್ಲಿ ಪ್ರಕಟಿಸಿದರು.

ಅದಾಗಿ ಏಳು ತಿಂಗಳಿಗೆ, 2011ರ ಮಾರ್ಚ್ 11ರ ಮಧ್ಯಾಹ್ನ, ಭೂಮಿ ನಡುಗಿತು. ಪ್ರಮಾಣ 9. ಸತ್ತವರು ಸುಮಾರು 15,900. ಸಿಗದೇ ಹೋದವರು 2,500ಕ್ಕೂ ಹೆಚ್ಚು. ಫುಕುಶಿಮಾದ ಮುಖ್ಯ ಕಟ್ಟಡಗಳಿದ್ದ ನೆಲ ಸಮುದ್ರಮಟ್ಟದಿಂದ 10 ಮೀಟರ್ ಎತ್ತರ, ನೀರು ಬಂದದ್ದು 14–15 ಮೀಟರ್. ಉಳಿದದ್ದು ನಿಮಗೆ ಗೊತ್ತಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಕರಾವಳಿಯಲ್ಲಿದೆ. ಉತ್ತರದ ಓನಗಾವಾ ಅಣುಸ್ಥಾವರವನ್ನು ಕಟ್ಟುವಾಗ ಹಿರಾಯ್ ಯಾನೊಸುಕೆ ಎಂಬ ಹಿರಿಯ ಎಂಜಿನಿಯರು ಜೋಗನ್ ಸುನಾಮಿಯ ಮಾತೆತ್ತಿ, ಎತ್ತರದಲ್ಲೇ ಕಟ್ಟಬೇಕೆಂದು ಹಠ ಹಿಡಿದರಂತೆ. ಕೊನೆಗೆ 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. 2011ರಲ್ಲಿ ನೆಲವೇ ಒಂದು ಮೀಟರ್ ಕುಸಿಯಿತು. ನೀರು 13 ಮೀಟರ್ ಬಂತು. ಒಂದು ಆಳಿನ ಅರ್ಧದಷ್ಟು ಅಂತರದಲ್ಲಿ ಸ್ಥಾವರ ಉಳಿಯಿತು. ಮನೆ ಕಳೆದುಕೊಂಡ ಸುತ್ತಲಿನ ಊರುಗಳ ಮುನ್ನೂರಕ್ಕೂ ಹೆಚ್ಚು ಜನ ಆ ಸ್ಥಾವರದ ಆವರಣದಲ್ಲೇ ಆಶ್ರಯ ಪಡೆದರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಮರಳನ್ನು ನಂಬಿದವರು ಗೆದ್ದರು, ನಂಬದವರು ಸೋತರು ಎಂಬ ನೀತಿಕಥೆಯಾಗುತ್ತದೆ. ನಿಜ ಅಷ್ಟು ಸುಲಭದ್ದಲ್ಲ. ಮರಳನ್ನು ಓದಿದವರೂ ಒಂದು ಕಡೆ ತಪ್ಪಿದ್ದರು.

2011ರ ನೀರು ಇಳಿದ ಮೇಲೆ ವಿಜ್ಞಾನಿಗಳು ಅದೇ ಸೆಂದಾಯ್ ಬಯಲಿಗೆ ಹೋದರು. ಈ ಸಲ ನೀರು ಎಲ್ಲಿಯವರೆಗೆ ಬಂತೆಂಬುದು ಕಣ್ಣಿಗೆ ಕಾಣುವಂತಿತ್ತು. ಮರಳು ಎಲ್ಲಿಯವರೆಗಿದೆ ಎಂಬುದೂ ಕಾಣುತ್ತಿತ್ತು. ಎರಡನ್ನೂ ಅಳೆದರು. ಒಂದು ಕಡೆ ನೀರು ನಾಲ್ಕೂವರೆ ಕಿಲೋಮೀಟರ್ ಬಂದಿತ್ತು. ಅರ್ಧ ಸೆಂಟಿಮೀಟರ್ ದಪ್ಪದ ಮರಳು ಮಾತ್ರ 2.8 ಕಿಲೋಮೀಟರಿಗೇ ನಿಂತುಬಿಟ್ಟಿತ್ತು. ಅದರಾಚೆ ಬರೀ ಕೆಸರು, ಅದರಾಚೆ ಬರೀ ನೀರು. ಸಾವಿರ ವರ್ಷದ ಮೇಲೆ ಯಾರಾದರೂ ಅಗೆದರೆ ಅವರಿಗೆ ಸುಲಭವಾಗಿ ಕಾಣುವುದು ಆ 2.8 ಕಿಲೋಮೀಟರ್ ಮಾತ್ರ. ಮರಳಿನ ಅಂಚೇ ನೀರಿನ ಅಂಚೆಂದು ಹಿಡಿದದ್ದರಿಂದಲೇ ಜೋಗನ್ ಸುನಾಮಿಯನ್ನು ಚಿಕ್ಕದು ಮಾಡಿ ಎಣಿಸಿದಂತಾಗಿತ್ತು. ನಮ್ಮ ಸಂಪಿನಲ್ಲೂ ಅಷ್ಟೇ. ಕೆಸರು ಇದ್ದದ್ದು ಗೇಣುದ್ದ, ನೀರು ನಿಲ್ಲುತ್ತಿದ್ದದ್ದು ಆಳೆತ್ತರ.

ತಪ್ಪು ತಿಳಿದ ಮೇಲೆ ಅವರು ಸುಮ್ಮನಾಗಲಿಲ್ಲ. 2011ರ ಮರಳು ನಿಂತ ಜಾಗಗಳಲ್ಲಿ ನೀರು ಎಷ್ಟು ಆಳವಿತ್ತು, ಎಷ್ಟು ವೇಗವಿತ್ತು ಎಂದು ಎಣಿಸಿದರು. ಮರಳು ಬೀಳಬೇಕಾದರೆ ಸುಮಾರು ಒಂದು ಮೀಟರ್ ಆಳ, ಸೆಕೆಂಡಿಗೆ ಅರ್ಧ ಮೀಟರಿಗೂ ಮೀರಿದ ಓಟ ಬೇಕೆಂದು ತೋರಿತು. ಆ ಅಳತೆಗೋಲನ್ನು ಹಿಡಿದು ಜೋಗನ್ ಮರಳಿನ ಬಳಿಗೆ ಮತ್ತೆ ಹೋದರು. 2014ರಲ್ಲಿ ಬಂದ ಹೊಸ ಉತ್ತರ: 869ರ ಭೂಕಂಪದ ಪ್ರಮಾಣ ಕನಿಷ್ಠ 8.6. ಇಂದು ಸತ್ತವರ ನೆಲ ಹೇಳಿಕೊಟ್ಟ ಪಾಠದಿಂದ ಅಂದು ಸತ್ತವರ ನೀರನ್ನು ಅಳೆದಂತಾಯಿತು.

ತಗಾಜೋದಲ್ಲಿ ಸುಯೆ ನೊ ಮತ್ಸುಯಾಮ ಎಂಬ, ಪೈನ್ ಮರಗಳಿರುವ ಒಂದು ಸಣ್ಣ ದಿಬ್ಬವಿದೆ. ಹಳೆಯ ಜಪಾನೀ ಕಾವ್ಯದಲ್ಲಿ ಅದು ಅಲೆಗಳು ಎಂದೂ ದಾಟದ ಜಾಗವೆಂದು ಪ್ರಸಿದ್ಧ. ಪ್ರೇಮಿಗಳ ಆಣೆ ಪ್ರಮಾಣಗಳಿಗೆಲ್ಲ ಅದೇ ಸಾಕ್ಷಿ. ಕಡಲಿನಿಂದ ಅಷ್ಟು ಒಳಗಿರುವ ದಿಬ್ಬಕ್ಕೂ ಅಲೆಗೂ ಏನು ಸಂಬಂಧ? ಜೋಗನ್‌ನ ನೆನಪೇ ಹೀಗೆ ಕವಿತೆಯಾಗಿ ಉಳಿದಿರಬಹುದೆಂದು ಕೆಲವು ವಿದ್ವಾಂಸರ ಊಹೆ. 2011ರಲ್ಲಿ ಆ ಪಟ್ಟಣದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನೀರು ಆ ದಿಬ್ಬವನ್ನು ಮಾತ್ರ ಆಗಲೂ ದಾಟಲಿಲ್ಲ.

ಓದುತ್ತ ಓದುತ್ತ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. 2011ರ ಮರಳು ಸೆಂದಾಯ್ ಬಯಲಿನ ಬಹುಪಾಲು ಗದ್ದೆಗಳಲ್ಲಿ ಈಗಿಲ್ಲ. ಉಪ್ಪು ತುಂಬಿದ ಆ ಮರಳು ಕೆಸರನ್ನು ಎತ್ತಿ ಹಾಕಿ, ಸಿಹಿನೀರು ಹಾಯಿಸಿ ತೊಳೆದು, ಮತ್ತೆ ಭತ್ತ ನೆಟ್ಟರು. ಬದುಕಬೇಕಾದವರು ಮಾಡಬೇಕಾದದ್ದೇ ಅದು. ಮನೆಯೊಳಗೆ ಬಂದ ಕೆಸರನ್ನು ಯಾವ ಹೆಂಗಸೂ ಮುಂದಿನವರು ಓದಲಿ ಎಂದು ಬಿಟ್ಟುಕೊಂಡು ಕೂರುವುದಿಲ್ಲ. ಹಾಗಾದರೆ 869ರಲ್ಲೂ ಬದುಕಿ ಉಳಿದವರು ಸಾಧ್ಯವಿದ್ದಲ್ಲೆಲ್ಲ ಮರಳನ್ನು ಬಳಿದು ಚೆಲ್ಲಿರಬೇಕಲ್ಲವೇ? ವಿಜ್ಞಾನಿಗಳ ಪೆಟ್ಟಿಗೆಗೆ ಇಂದು ಸಿಗುವ ಮರಳಿನಲ್ಲಿ ಒಂದಿಷ್ಟು, ಬಳಿಯಲು ಯಾರೂ ಉಳಿಯದಿದ್ದ ಹೊಲಗಳದ್ದೂ ಇರಬಹುದು. ಇದು ವಿಜ್ಞಾನಿಗಳ ಮಾತಲ್ಲ, ನನ್ನ ಊಹೆ. ಚರಿತ್ರೆ ಹೆಸರು ಹೇಳದೆ ಬಿಟ್ಟ ಆ ಸಾವಿರ ಜನ ನನಗೆ ಕಂಡದ್ದು ಇಲ್ಲಿ.

ಮಣ್ಣಿನ ಕಡತ ಒಂದೇ ಸಾಲದು, ಕಾಗದದ ಕಡತ ಒಂದೇ ಸಾಲದು ಎಂಬುದು ಇದಕ್ಕೇ. ಮಣ್ಣನ್ನು ನಾವೇ ತೊಳೆದುಬಿಡುತ್ತೇವೆ. ಕಾಗದವನ್ನು ಉತ್ಪ್ರೇಕ್ಷೆ ಎಂದು ಪಕ್ಕಕ್ಕಿಡುತ್ತೇವೆ. ಎರಡೂ ಒಂದೇ ಮಾತು ಹೇಳಿದಾಗಲಾದರೂ ಕೇಳಬೇಕು. ಕೇಳುವಾಗ, ಕಂಡದ್ದಕ್ಕಿಂತ ನೀರು ಇನ್ನೂ ಸ್ವಲ್ಪ ದೂರ ಬಂದಿರುತ್ತದೆ ಎಂದು ಸೇರಿಸಿಕೊಂಡೇ ಕೇಳಬೇಕು.

ಸಂಪಿನೊಳಗಿದ್ದವನು, "ಎಲ್ಲಾ ಬಳಿದು ತೆಗೀಲಾ ಅಮ್ಮಾ?" ಎಂದು ಕೇಳಿದ್ದ. "ತೆಗಿಯಪ್ಪಾ" ಎಂದಿದ್ದೆ. ಮೂರು ವರ್ಷದ ಚರಿತ್ರೆ ನಾಲ್ಕು ಬಾಂಡ್ಲಿಯಲ್ಲಿ ಹೊರಗೆ ಹೋಯಿತು. ಅವತ್ತಿನ ತಾರೀಖನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕೆಸರು ಎಷ್ಟಿತ್ತು, ಪದರ ಎಷ್ಟಿತ್ತು ಎಂಬುದನ್ನೂ.